ಆರರಿಂದ ಎಂಟನೇ ತರಗತಿಯ ಇಂಗ್ಲಿಷ್ ಶಿಕ್ಷಕರಿಗೊಂದು ತರಬೇತಿ: ವರ್ಷವಿಡೀ ಬಳಸಿದ ಮೇಲೆ ಬರೆದ ವಿಮರ್ಶೆ

ಆರರಿಂದ ಎಂಟನೇ ತರಗತಿಯವರೆಗೆ ಇಂಗ್ಲಿಷ್ ಕಲಿಸುವವರಿಗೆಂದೇ ರೂಪಿಸಿದ ಆನ್‌ಲೈನ್ ತರಬೇತಿಯೊಂದಕ್ಕೆ ಕಳೆದ ಶೈಕ್ಷಣಿಕ ವರ್ಷದ ಆರಂಭದಲ್ಲಿ ಸೇರಿಕೊಂಡೆ. ಹನ್ನೆರಡು ಘಟಕಗಳು, ಪ್ರತಿ ಘಟಕಕ್ಕೂ ತರಗತಿಯಲ್ಲೇ ಚಿತ್ರೀಕರಿಸಿದ ಮೂರು ನಾಲ್ಕು ವಿಡಿಯೊಗಳು, ಮುದ್ರಿಸಿಕೊಳ್ಳಬಹುದಾದ ಅಭ್ಯಾಸ ಹಾಳೆಗಳು, ಒಂದು ಕೈಪಿಡಿ, ಸಂದೇಹ ಬಂದಾಗ ಬರೆದು ಕೇಳಲು ಒಬ್ಬ ಮಾರ್ಗದರ್ಶಿ, ಇಷ್ಟು ಇದರ ಹೂರಣ. ವಿಡಿಯೊಗಳನ್ನು ನೋಡಿ ಮುಗಿಸಲು ಎರಡು ವಾರ ಸಾಕು. ಆದರೆ ಆ ಎರಡು ವಾರಗಳ ಕೊನೆಯಲ್ಲಿ ವಿಮರ್ಶೆ ಬರೆದಿದ್ದರೆ ನಾನು ಬೇರೆಯದನ್ನೇ ಹೇಳುತ್ತಿದ್ದೆ. ಆಗ ತುಂಬ ಮೆಚ್ಚಿದ ಘಟಕಗಳಲ್ಲಿ ಕೆಲವು ತರಗತಿಯಲ್ಲಿ ನಿಲ್ಲಲಿಲ್ಲ. ಸಪ್ಪೆ ಎನಿಸಿ ಬೇಗಬೇಗ ದಾಟಿಸಿದ್ದ ಎರಡು ಘಟಕಗಳೇ ವರ್ಷದ ಕೊನೆಯವರೆಗೂ ನನ್ನ ಕೈ ಹಿಡಿದವು. ನನ್ನ ಲೆಕ್ಕದಲ್ಲಿ ಹನ್ನೆರಡರಲ್ಲಿ ಐದು ಘಟಕಗಳು ಬಹಳ ಚೆನ್ನಾಗಿವೆ, ನಾಲ್ಕು ಸಾಧಾರಣ, ಉಳಿದ ಮೂರನ್ನು ಬಿಟ್ಟರೂ ಶಿಕ್ಷಕರಿಗೆ ನಷ್ಟವಿಲ್ಲ.

ಹೀಗೆ ತೂಗಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಘಟಕದಲ್ಲಿ ತೋರಿಸಿದ ವಿಧಾನವನ್ನು ಕೆಲವು ವಾರ ನಡೆಸಿದ ಮೇಲೆ, ಓದುವ ಮತ್ತು ಯೋಚಿಸುವ ಕೆಲಸ ಶಿಕ್ಷಕರ ಕೈಯಿಂದ ಮಕ್ಕಳ ಕೈಗೆ ದಾಟಿತೇ ಇಲ್ಲವೇ ಎಂಬುದನ್ನು ಮಾತ್ರ ನೋಡಿದೆ. 1983ರಲ್ಲಿ ಪಿ. ಡೇವಿಡ್ ಪಿಯರ್ಸನ್ ಮತ್ತು ಮಾರ್ಗರೆಟ್ ಗ್ಯಾಲಗರ್ ಅವರು ಹೊಣೆಯನ್ನು ಹಂತಹಂತವಾಗಿ ಮಕ್ಕಳಿಗೆ ಬಿಟ್ಟುಕೊಡುವ ಕ್ರಮವನ್ನು ವಿವರಿಸಿದರು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ಆಮೇಲೆ ಇಬ್ಬರೂ ಸೇರಿ ಮಾಡುತ್ತಾರೆ, ಕೊನೆಗೆ ಮಕ್ಕಳು ತಾವೇ ಮಾಡುತ್ತಾರೆ. ತರಬೇತಿಯ ಮೊದಲ ಘಟಕ ಇದನ್ನೇ ಹೇಳುತ್ತದೆ, ಆದರೆ ಹನ್ನೆರಡೂ ಘಟಕಗಳು ಅದಕ್ಕೆ ನಿಷ್ಠವಾಗಿಲ್ಲ. ಈ ತರಬೇತಿಯ ಗುಣವೂ ದೋಷವೂ ಇಲ್ಲೇ ಇವೆ.

ಈ ವಯಸ್ಸಿನ ಮಕ್ಕಳ ತೊಡಕು ಬೇರೆ ಬಗೆಯದು. ಹನ್ನೊಂದರಿಂದ ಹದಿನಾಲ್ಕರ ನಡುವಿನ ಬಹುಪಾಲು ಮಕ್ಕಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ. ನಿಲ್ಲಿಸಿ ಗಟ್ಟಿಯಾಗಿ ಓದಿಸಿದರೆ ಎಲ್ಲೂ ತಡವರಿಸದೆ ಒಂದು ಪುಟ ಓದಿಬಿಡುತ್ತಾರೆ. ಪುಸ್ತಕ ಮುಚ್ಚಿಸಿ ಏನು ಓದಿದೆ ಎಂದು ಕೇಳಿದರೆ ಮೊದಲ ಸಾಲನ್ನೋ ಕೊನೆಯ ಸಾಲನ್ನೋ ಒಪ್ಪಿಸುತ್ತಾರೆ. ನಡುವೆ ನಡೆದದ್ದೆಲ್ಲ ಅವರ ಕಣ್ಣ ಮುಂದೆ ಹಾದುಹೋಗಿರುತ್ತದೆ, ಅಷ್ಟೇ. ಕಿರಿಯ ತರಗತಿಗಳಲ್ಲಿ ಈ ಕೊರತೆ ಕಾಣುವುದಿಲ್ಲ, ಏಕೆಂದರೆ ಅಲ್ಲಿನ ಪಾಠಗಳು ಹೆಚ್ಚಾಗಿ ಮಕ್ಕಳಿಗೆ ಮೊದಲೇ ತಿಳಿದ ಲೋಕದವು. ಆರನೇ ತರಗತಿಯ ಹೊತ್ತಿಗೆ ಪಠ್ಯ ಬಿಗಿಯಾಗುತ್ತದೆ, ವಾಕ್ಯಗಳು ಉದ್ದವಾಗುತ್ತವೆ, ಹೇಳದೆ ಬಿಟ್ಟ ಮಾತುಗಳು ಹೆಚ್ಚುತ್ತವೆ. ಈ ಹಂತದ ಶಿಕ್ಷಕರಿಗೆ ಬೇಕಾದ ಸಹಾಯ ಇಲ್ಲಿಯದೇ. ಅದನ್ನು ಮೊದಲ ವಿಡಿಯೊದಲ್ಲೇ ಗುರುತಿಸಿದ್ದಕ್ಕಾಗಿ ತರಬೇತಿಯನ್ನು ರೂಪಿಸಿದವರನ್ನು ಮೆಚ್ಚಲೇಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಪರಸ್ಪರ ಬೋಧನೆಯ ಘಟಕ. ಆನ್‌ಮರಿ ಪಾಲಿನ್‌ಸಾರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲ. ಅವರು ಆರಿಸಿಕೊಂಡದ್ದು ಮೇಲೆ ಹೇಳಿದಂಥ ಏಳನೇ ತರಗತಿಯ ಮಕ್ಕಳನ್ನೇ; ಓದಲು ಬರುತ್ತದೆ, ಓದಿದ್ದು ದಕ್ಕುವುದಿಲ್ಲ. ಸಣ್ಣ ಗುಂಪಿನಲ್ಲಿ ಒಂದು ಪ್ಯಾರಾ ಓದಿ, ಅದರ ಸಾರ ಹೇಳುವುದು, ಅದರ ಮೇಲೆ ಪ್ರಶ್ನೆ ಕೇಳುವುದು, ಅರ್ಥವಾಗದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದೆಂದು ಊಹಿಸುವುದು, ಹೀಗೆ ನಾಲ್ಕು ಕೆಲಸಗಳು. ಮೊದಮೊದಲು ಶಿಕ್ಷಕರು ನಡೆಸುತ್ತಾರೆ, ಬರಬರುತ್ತ ಮಕ್ಕಳು ಸರದಿಯ ಮೇಲೆ ಶಿಕ್ಷಕರ ಜಾಗದಲ್ಲಿ ಕೂರುತ್ತಾರೆ.

ಕೇಳಲು ಸರಳವಾಗಿದೆ. ಮೊದಲ ವಾರ ನನ್ನ ಏಳನೇ ತರಗತಿಯಲ್ಲಿ ಅದು ಸಂಪೂರ್ಣ ನೆಲಕಚ್ಚಿತು. ಆಕ್ಟೋಪಸ್ ಕುರಿತ ಒಂದು ಪ್ಯಾರಾ ಕೊಟ್ಟಿದ್ದೆ. ಅದಕ್ಕೆ ಮೂರು ಹೃದಯಗಳಿವೆ, ಈಜುವಾಗ ಅವುಗಳಲ್ಲಿ ಮುಖ್ಯವಾದದ್ದು ಬಡಿಯುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಅದು ಈಜುವುದಕ್ಕಿಂತ ತೆವಳುವುದನ್ನೇ ಇಷ್ಟಪಡುತ್ತದೆ ಎಂಬುದು ಅದರ ಸಾರ. ಪ್ರಶ್ನೆ ಕೇಳುವ ಸರದಿ ಬಂದ ಹುಡುಗಿ, ಆಕ್ಟೋಪಸ್‌ಗೆ ಎಷ್ಟು ಹೃದಯ ಎಂದು ಕೇಳಿದಳು. ಎದುರಿನವನು ಮೂರು ಎಂದ. ಅರ್ಥವಾಗದ್ದೇನಾದರೂ ಇದೆಯೇ ಎಂದರೆ ನಾಲ್ಕೂ ಜನ ಏನೂ ಇಲ್ಲವೆಂದು ತಲೆಯಾಡಿಸಿದರು. ಎರಡು ನಿಮಿಷದಲ್ಲಿ ಗುಂಪಿನ ಕೆಲಸ ಮುಗಿದಿತ್ತು. ಅಭ್ಯಾಸ ಹಾಳೆಯ ನಾಲ್ಕೂ ಚೌಕಗಳು ತುಂಬಿದ್ದವು, ಪಾಠ ಮಾತ್ರ ಯಾರಿಗೂ ದಕ್ಕಿರಲಿಲ್ಲ.

ತರಬೇತಿಯ ಬೆಲೆ ನನಗೆ ತಿಳಿದದ್ದು ಆಗ. ಆ ಘಟಕದ ಮೂರನೇ ವಿಡಿಯೊದಲ್ಲಿ ಶಿಕ್ಷಕಿಯೊಬ್ಬರು ಇದೇ ಬಗೆಯ ಒಣ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರು ಮಗುವನ್ನು ತಿದ್ದುವುದಿಲ್ಲ, ಇನ್ನೂ ಚೆನ್ನಾಗಿ ಕೇಳು ಎಂದೂ ಹೇಳುವುದಿಲ್ಲ. ಅದೇ ಪ್ಯಾರಾವನ್ನು ತಾವೇ ಗಟ್ಟಿಯಾಗಿ ಓದುತ್ತ, ಒಂದು ವಾಕ್ಯದಲ್ಲಿ ನಿಂತು, ತಮ್ಮ ಗೊಂದಲವನ್ನು ಬಾಯಿಬಿಟ್ಟು ಹೇಳುತ್ತಾರೆ. ಈ ಸಾಲು ಹಿಂದಿನ ಸಾಲಿಗೆ ಹೇಗೆ ಹೊಂದುತ್ತದೆಂದು ತಿಳಿಯಲಿಲ್ಲ, ಹಿಂದೆ ಹೋಗಿ ನೋಡುತ್ತೇನೆ ಎಂದು ನಿಜವಾಗಿಯೂ ಹಿಂದೆ ಹೋಗಿ ಓದುತ್ತಾರೆ. ಓದಿನಲ್ಲಿ ಪಳಗಿದವರು ತಲೆಯೊಳಗೇ ಮಾಡುವ ಕೆಲಸವನ್ನು ಮಕ್ಕಳ ಕಿವಿಗೆ ಬೀಳುವಂತೆ ಮಾಡುವ ಈ ಬಗೆಯನ್ನು ನಾನು ಎಂಟು ದಿನ ಬಿಡದೆ ಅನುಸರಿಸಿದೆ. ಗುಂಪು ಕೆಲಸವನ್ನು ಅಲ್ಲಿಯವರೆಗೆ ನಿಲ್ಲಿಸಿಬಿಟ್ಟೆ. ಆರನೇ ವಾರದ ಹೊತ್ತಿಗೆ, ಮೊದಲ ದಿನ ಹೃದಯಗಳನ್ನು ಎಣಿಸಿದ್ದ ಅದೇ ಹುಡುಗಿ ಬೇರೊಂದು ಗದ್ಯಭಾಗದಲ್ಲಿ ಬೆರಳಿಟ್ಟು, ಇಲ್ಲಿ 'ದೇರ್‌ಫೋರ್' ಅಂತ ಇದೆ, ಆದರೆ ಅದಕ್ಕೆ ಕಾರಣ ಹಿಂದಿನ ಸಾಲಿನಲ್ಲಿ ಇಲ್ಲವಲ್ಲ, ಎಲ್ಲಿದೆ ಎಂದು ಗುಂಪನ್ನು ಕೇಳಿದಳು. ಕಾರಣ ಮೂರು ಸಾಲು ಹಿಂದೆ ಇತ್ತು. ಅದನ್ನು ಹುಡುಕಿದವರು ಮಕ್ಕಳೇ. ಆ ಮೇಜಿನ ಹತ್ತಿರ ನಾನು ಒಂದು ಮಾತನ್ನೂ ಆಡಲಿಲ್ಲ.

ಈ ಘಟಕಕ್ಕೆ ಒಂದು ಆಕ್ಷೇಪವೂ ಇದೆ. ಕೈಪಿಡಿ ಇದನ್ನು ಎರಡು ಪೀರಿಯಡ್‌ಗಳಲ್ಲಿ ಪರಿಚಯಿಸಬಹುದೆನ್ನುತ್ತದೆ. ಮೂಲ ಅಧ್ಯಯನದಲ್ಲೇ ಸುಮಾರು ಇಪ್ಪತ್ತು ದಿನಗಳ ಬೋಧನೆ ನಡೆದಿತ್ತು. ಎರಡು ಪೀರಿಯಡ್‌ಗಳ ಮಾತನ್ನು ನಂಬಿ ಆರಂಭಿಸುವ ಹೊಸ ಶಿಕ್ಷಕರು ಮೊದಲ ವಾರದ ಸೋಲನ್ನೇ ವಿಧಾನದ ಸೋಲೆಂದು ತಿಳಿದು ಕೈಬಿಡುವ ಅಪಾಯವಿದೆ. ನಾನೂ ಹಾಗೆ ಬಿಡುವುದರಲ್ಲಿದ್ದೆ.

ಎರಡನೆಯ ಒಳ್ಳೆಯ ಘಟಕ ವಾಕ್ಯಗಳನ್ನು ಜೋಡಿಸುವುದರ ಬಗ್ಗೆ. ವಿಡಿಯೊ ನೋಡುವಾಗ ಇದಕ್ಕಿಂತ ಸಪ್ಪೆಯಾದದ್ದು ಬೇರಿಲ್ಲವೆನಿಸಿತ್ತು. ಚಿಕ್ಕಚಿಕ್ಕ ವಾಕ್ಯಗಳನ್ನು ಕೊಟ್ಟು, ಅವುಗಳನ್ನು ಒಂದೇ ವಾಕ್ಯವಾಗಿ ಕೂಡಿಸಲು ಹೇಳುವುದಷ್ಟೇ ಇಲ್ಲಿನ ಚಟುವಟಿಕೆ. ಆದರೆ ಇದರ ಹಿಂದಿನ ಆಧಾರ ಗಟ್ಟಿಯಾಗಿದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೇ ತರಗತಿಯವರೆಗಿನ ಬರವಣಿಗೆಯ ಬೋಧನೆ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಕೊಟ್ಟ ವರದಿಯಲ್ಲಿ, ಫಲ ಕೊಡುವ ಹನ್ನೊಂದು ಅಂಶಗಳ ಪಟ್ಟಿಯಲ್ಲಿ ವಾಕ್ಯ ಜೋಡಣೆ ಇದೆ. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ, ನಿಯಮಗಳ ರೂಪದಲ್ಲಿ ಕಲಿಸಿದಾಗ ಬರವಣಿಗೆಯ ಮಟ್ಟ ಏರುವುದಿಲ್ಲ ಎಂಬುದನ್ನೂ ಆ ವರದಿ ತೋರಿಸಿತು. ವ್ಯಾಕರಣ ಬೇಡವೆಂದು ಇದರ ಅರ್ಥವಲ್ಲ. ನಾಮಪದಕ್ಕೆ ಗೆರೆ ಎಳೆಯುವ ಅಭ್ಯಾಸದಿಂದ ಒಳ್ಳೆಯ ಪ್ಯಾರಾ ಹುಟ್ಟುವುದಿಲ್ಲ ಎಂಬುದಷ್ಟೇ ಅರ್ಥ.

ನಾನು ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ವಾಕ್ಯ ಬರೆದೆ: ನಾಯಿ ಬೊಗಳಿತು, ಕಳ್ಳ ಓಡಿಹೋದ. ಇವನ್ನು 'ವೆನ್' ಬಳಸಿ ಒಮ್ಮೆ, 'ಬಿಕಾಸ್' ಬಳಸಿ ಒಮ್ಮೆ, 'ಆಲ್ದೋ' ಬಳಸಿ ಒಮ್ಮೆ ಕೂಡಿಸಿ ಎಂದೆ. ಮೊದಲೆರಡು ಸಲೀಸಾಗಿ ಬಂದವು. ಮೂರನೆಯದಕ್ಕೆ ಬಂದಾಗ ತರಗತಿ ಎರಡಾಗಿ ಒಡೆಯಿತು. ಅರ್ಧದಷ್ಟು ಮಕ್ಕಳು ಪದವನ್ನು ಮುಂದೆ ಅಂಟಿಸಿ ಮುಗಿಸಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಆಲ್ದೋ' ಹಾಕಿದರೆ ಕಳ್ಳ ಓಡಬಾರದು ಟೀಚರ್, ಅಲ್ಲೇ ನಿಲ್ಲಬೇಕು ಎಂದ. ಹಾಗಾದರೆ ಓಡಿದರೂ ವಾಕ್ಯ ಸರಿಯಾಗಲು ಏನು ಮಾಡಬೇಕೆಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು, ನಾಯಿಯನ್ನು ಕಟ್ಟಿಹಾಕಿದ್ದರೂ ಕಳ್ಳ ಓಡಿಹೋದ ಎಂದು ಬರೆಯಬಹುದೆಂದಳು. ಒಂದು ಸಂಬಂಧಸೂಚಕ ಪದ ಇಡೀ ಕತೆಯನ್ನು ತಿರುಗಿಸಿಬಿಡುತ್ತದೆಂಬುದನ್ನು ಅವರು ನಿಯಮವಾಗಿ ಕಲಿಯಲಿಲ್ಲ, ಕಳ್ಳನನ್ನು ನಿಲ್ಲಿಸಿ ಓಡಿಸಿ ಕಲಿತರು. ಅಂದಿನಿಂದ ದಿನಕ್ಕೆ ಹತ್ತು ನಿಮಿಷ ಇದಕ್ಕೆಂದೇ ಇಟ್ಟೆ. ವಾಕ್ಯಗಳನ್ನು ಅಂದಂದಿನ ಪಾಠದಿಂದಲೇ ಆರಿಸಿದೆ, ಏಕೆಂದರೆ ಕೈಪಿಡಿಯ ವಾಕ್ಯಗಳು ಯಾವ ಪಾಠಕ್ಕೂ ಸೇರದ ಬಿಡಿ ವಾಕ್ಯಗಳು. ವಾಕ್ಯ ಜೋಡಣೆ ಪಾಠದ ವಿಷಯದ ಮೇಲೆಯೇ ನಡೆದರೆ ಒಂದೇ ಹತ್ತು ನಿಮಿಷದಲ್ಲಿ ಓದೂ ಬರಹವೂ ಸಾಗುತ್ತವೆ. ಕೈಪಿಡಿ ಈ ಅವಕಾಶವನ್ನು ಕೈಚೆಲ್ಲಿದೆ.

ಪದಸಂಪತ್ತಿನ ಘಟಕವೂ ಉತ್ತಮವಾಗಿದೆ. ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕೌನ್ ಮತ್ತು ಸಂಗಡಿಗರು ಪದಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸುವ ಕ್ರಮವನ್ನು ಇದು ಬಳಸುತ್ತದೆ. ದಿನಬಳಕೆಯ ಪದಗಳು ಮೊದಲ ಶ್ರೇಣಿ, ಒಂದು ಶಾಸ್ತ್ರಕ್ಕೇ ಸೇರಿದ ಪದಗಳು ಮೂರನೆಯದು, ಯಾವ ವಿಷಯದ ಬರಹದಲ್ಲಾದರೂ ಎದುರಾಗುವ ಆದರೆ ಮಾತಿನಲ್ಲಿ ಅಪರೂಪವಾದ ಪದಗಳು ನಡುವಿನದು. 'ರಿಲಕ್ಟಂಟ್', 'ಕಾನ್ಸಿಕ್ವೆನ್ಸ್' ಇಂಥವು. ಶಿಕ್ಷಕರ ಶ್ರಮ ಈ ನಡುವಿನ ಶ್ರೇಣಿಗೆ ಸಲ್ಲಬೇಕೆಂಬುದು ಅದರ ತಿರುಳು. ಇಲ್ಲಿಯವರೆಗೆ ನಾನು ಪಾಠದ ಕೊನೆಯ ಪದಪಟ್ಟಿಯನ್ನು ಹಾಗೇ ಬರೆಸುತ್ತಿದ್ದೆ. ಈಗ ಪಾಠಕ್ಕೆ ಐದೇ ಪದ ಆರಿಸುತ್ತೇನೆ, ಆ ಐದನ್ನೂ ಎರಡು ವಾರದವರೆಗೆ ಬೇರೆಬೇರೆ ಸಂದರ್ಭಗಳಲ್ಲಿ ಮತ್ತೆಮತ್ತೆ ತರುತ್ತೇನೆ. ಡೊರೊಥಿ ಫ್ರೇಯರ್ ಮತ್ತು ಸಂಗಡಿಗರು 1969ರಲ್ಲಿ ರೂಪಿಸಿದ ನಾಲ್ಕು ಚೌಕದ ಮಾದರಿಯ ಹಾಳೆಗಳನ್ನೂ ತರಬೇತಿ ಕೊಡುತ್ತದೆ. ಅರ್ಥ, ಲಕ್ಷಣ, ಉದಾಹರಣೆ, ಉದಾಹರಣೆಯಲ್ಲದ್ದು. ಇದರಲ್ಲಿ ನಿಜವಾಗಿ ಯೋಚನೆಗೆ ಹಚ್ಚುವುದು ಕೊನೆಯ ಚೌಕ. ಒಬ್ಬ ಹುಡುಗ 'ರಿಲಕ್ಟಂಟ್' ಪದಕ್ಕೆ ಉದಾಹರಣೆಯಲ್ಲದ್ದು ಎಂದು 'ಸೋಮಾರಿ' ಎಂದು ಬರೆದ. ಸೋಮಾರಿಗೆ ಯಾವ ಕೆಲಸವೂ ಬೇಡ, ಇದು ಈ ಒಂದು ಕೆಲಸಕ್ಕೆ ಹಿಂಜರಿಯುವುದು ಎಂದು ಅವನೇ ಬಿಡಿಸಿ ಹೇಳಿದ. ಆದರೆ ಪ್ರತಿ ಪದಕ್ಕೂ ಹಾಳೆ ತುಂಬಿಸಬೇಕೆಂಬ ಕೈಪಿಡಿಯ ಸಲಹೆ ಸರಿಯಲ್ಲ. ವಾರಕ್ಕೊಂದು ಸಾಕು, ಹೆಚ್ಚಾದರೆ ಮಕ್ಕಳು ನಿಘಂಟಿನಿಂದ ನಕಲು ಮಾಡತೊಡಗುತ್ತಾರೆ.

ಚರ್ಚೆಯ ಘಟಕದಿಂದ ಎರಡು ಸಂಗತಿ ತೆಗೆದುಕೊಂಡೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ನನ್ನದೇ ಪಾಠವನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ ನಾನು ಒಂದು ಸೆಕೆಂಡೂ ಕಾಯುತ್ತಿರಲಿಲ್ಲ. ಎರಡನೆಯದು, ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಕ್ರಮ: ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರೊಡನೆ ಮಾತಾಡಿ, ಕೊನೆಗೆ ಎಲ್ಲರ ಮುಂದೆ ಹೇಳಿ. ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದ ಮಗುವಿಗೆ ಪಕ್ಕದವರೊಡನೆ ಒಮ್ಮೆ ಆಡಿ ನೋಡಿದ ವಾಕ್ಯ ಎಲ್ಲರೆದುರು ಆಡಲು ಧೈರ್ಯ ಕೊಡುತ್ತದೆ. ಮೊದಲನೆಯ ಹಂತದ ಮೌನವನ್ನು ಹಾರಿಸಿ ನೇರ ಜೋಡಿ ಮಾತಿಗೆ ಇಳಿದರೆ ಮಾತ್ರ ಇದು ಗದ್ದಲವಾಗುತ್ತದೆ.

ಕವಿತೆ, ಗುಂಪುಗಳಲ್ಲಿ ಕಾದಂಬರಿ ಓದುವುದು, ವಾದ ಮಂಡನೆಯ ಬರಹ, ಅಂಕ ಕೊಡುವ ಮಾನದಂಡ ಪಟ್ಟಿಗಳು, ಈ ನಾಲ್ಕು ಘಟಕಗಳು ಸಾಧಾರಣ. ಅನುಭವ ಇರುವವರಿಗೆ ಇವುಗಳಲ್ಲಿ ಹೊಸದೇನೂ ಸಿಗದು.

ಇನ್ನು ಗಂಭೀರ ದೋಷಗಳ ವಿಷಯ. ಒಂಬತ್ತನೇ ಘಟಕ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ, ಪ್ರತಿ ಗುಂಪಿಗೂ ಬೇರೆ ಪಾಠ ಯೋಜನೆ ಮಾಡಲು ಹೇಳುತ್ತದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಹೋದ್ಯೋಗಿಗಳು 2008ರಲ್ಲಿ ಈ ಬಗೆಯ ಸಂಶೋಧನೆಗಳನ್ನು ಪರಿಶೀಲಿಸಿ, ಕಲಿಕಾ ಶೈಲಿಗೆ ತಕ್ಕಂತೆ ಬೋಧನೆಯನ್ನು ಹೊಂದಿಸುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದರು. ಮಕ್ಕಳಿಗೆ ಇಷ್ಟಗಳಿರುತ್ತವೆ, ನಿಜ. ಆದರೆ ಇವನು ಕೇಳಿ ಕಲಿಯುವವನು ಎಂಬ ಹಣೆಪಟ್ಟಿ ಹಚ್ಚಿ ಅವನಿಗೆ ಓದಲು ಕಡಿಮೆ ಕೊಟ್ಟರೆ, ಯಾವುದರಲ್ಲಿ ಅವನು ಹಿಂದಿದ್ದಾನೋ ಅದರ ಅಭ್ಯಾಸವನ್ನೇ ಅವನಿಂದ ಕಿತ್ತುಕೊಂಡಂತಾಗುತ್ತದೆ. ಉಳಿದೆಡೆ ಸಂಶೋಧನೆಯನ್ನು ಇಷ್ಟು ಜಾಗರೂಕತೆಯಿಂದ ಬಳಸಿದವರು ಇದನ್ನು ಹೇಗೆ ಒಳಗೆ ಬಿಟ್ಟರೆಂಬುದು ನನಗೆ ಅರ್ಥವಾಗಲಿಲ್ಲ. ಮಾರ್ಗದರ್ಶಿಗೆ ಬರೆದು ಕೇಳಿದೆ. ಬಂದ ಉತ್ತರ ಸೌಜನ್ಯದ್ದು, ಆದರೆ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮುಖ್ಯ ವಿಚಾರ ಗುರುತಿಸುವ ಘಟಕದಲ್ಲಿ ಮಕ್ಕಳು ಇಪ್ಪತ್ತು ಬಿಡಿ ಪ್ಯಾರಾಗಳನ್ನು ಓದಿ, ಒಂದೊಂದಕ್ಕೂ ಮುಖ್ಯ ವಿಚಾರ ಬರೆಯಬೇಕು. ಒಂದು ಜ್ವಾಲಾಮುಖಿಯ ಬಗ್ಗೆ, ಮುಂದಿನದು ಈಜುಪಟುವಿನ ಬಗ್ಗೆ, ಅದರ ಮುಂದಿನದು ಜೇನುನೊಣದ ಬಗ್ಗೆ. ಮುಖ್ಯ ವಿಚಾರ ಹುಡುಕುವುದು ಎಲ್ಲಿ ಬೇಕಾದರೂ ಬಳಸಬಹುದಾದ ಒಂದು ಬಿಡಿ ಕೌಶಲ ಎಂಬ ನಂಬಿಕೆ ಇದರ ಹಿಂದಿದೆ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಿಸಿ, ನಡೆದದ್ದನ್ನು ಪುಟ್ಟ ಮೈದಾನದ ಮಾದರಿಯ ಮೇಲೆ ಬೊಂಬೆಗಳನ್ನಿಟ್ಟು ತೋರಿಸಲು ಹೇಳಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ತಿಳಿಯದ ಮಕ್ಕಳಿಗಿಂತ ಬಹಳ ಚೆನ್ನಾಗಿ ಮಾಡಿದರು. ವಿಷಯದ ತಿಳಿವಳಿಕೆ ಇಲ್ಲದೆ ಓದುವ ತಂತ್ರ ಎಷ್ಟು ದೂರ ಸಾಗೀತು? ಹನ್ನೆರಡು ಘಟಕಗಳಲ್ಲಿ ಒಂದರಲ್ಲೂ, ಒಂದೇ ವಿಷಯದ ಮೇಲೆ ನಾಲ್ಕೈದು ಬರಹಗಳನ್ನು ಸಾಲಾಗಿ ಓದಿಸಿ ತಿಳಿವಳಿಕೆ ಕಟ್ಟುವ ದಾರಿಯನ್ನು ತೋರಿಸಿಲ್ಲ. ಆ ಇಪ್ಪತ್ತು ಪ್ಯಾರಾಗಳನ್ನು ಬದಿಗಿಟ್ಟು, ಸಮುದ್ರ ಜೀವಿಗಳ ಮೇಲೆ ಮೂರು ವಾರ ಆರು ಗದ್ಯಭಾಗ ಓದಿಸಿದೆ. ಆರನೆಯದನ್ನು ಓದುವಾಗ ಮಕ್ಕಳು ಮೊದಲನೆಯದರ ಆಕ್ಟೋಪಸ್ ಅನ್ನು ತಾವಾಗಿಯೇ ನೆನಪಿಸಿಕೊಂಡರು.

ಆನ್‌ಲೈನ್ ಆಟಗಳ ಮೂಲಕ ಪಾಠ ಪುನರಾವರ್ತನೆ ಮಾಡುವ ಹನ್ನೊಂದನೇ ಘಟಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತರಗತಿ ಉತ್ಸಾಹದಿಂದ ತುಂಬಿತ್ತು, ನೋಟ್‌ಬುಕ್ಕುಗಳಲ್ಲಿ ಅದರ ಗುರುತು ಕಾಣಲಿಲ್ಲ.

ಕೊನೆಯ ಘಟಕ ಮಕ್ಕಳ ಬರಹವನ್ನು ತಿದ್ದುವ ಕುರಿತದ್ದು, ನನ್ನ ಐದು ಒಳ್ಳೆಯ ಘಟಕಗಳಲ್ಲಿ ಕೊನೆಯದೂ ಹೌದು. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಸಿಕ್ಕವು. ಮುಂದೆ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಇದನ್ನು ತಿಳಿದ ಮೇಲೆ ನಾನು ಮೊದಲ ಕರಡಿಗೆ ಅಂಕ ಹಾಕುವುದನ್ನು ನಿಲ್ಲಿಸಿದೆ. ಒಂದು ಬರಹಕ್ಕೆ ಎರಡೇ ಟಿಪ್ಪಣಿ, ಅದೂ ಮಗು ಮರುದಿನ ತರಗತಿಯಲ್ಲೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸದ ರೂಪದಲ್ಲಿ. 'ಇನ್ನಷ್ಟು ವಿವರ ಬೇಕು' ಎಂದು ಬರೆದಾಗ ಯಾರೂ ಏನೂ ಮಾಡಿರಲಿಲ್ಲ. 'ಮೂರನೇ ಸಾಲಿನಲ್ಲಿ ಅಜ್ಜ ಸಿಟ್ಟಾದ ಎಂದಿದ್ದೀಯೆ, ಸಿಟ್ಟು ಬಂದಾಗ ಅವರ ಕೈ ಏನು ಮಾಡುತ್ತಿತ್ತು ಎಂದು ಒಂದು ವಾಕ್ಯ ಸೇರಿಸು' ಎಂದು ಬರೆದಾಗ, ಆ ಹುಡುಗ ಒಂದರ ಬದಲು ನಾಲ್ಕು ವಾಕ್ಯ ಸೇರಿಸಿದ.

ಸೇವೆಯ ಬಗ್ಗೆ ಒಂದೆರಡು ಮಾತು. ವಿಡಿಯೊಗಳ ಚಿತ್ರಣ ಸ್ಪಷ್ಟವಾಗಿದೆ, ಮಕ್ಕಳ ಮಾತು ಕೇಳಿಸುತ್ತದೆ, ಇದು ಇಂಥ ತರಬೇತಿಗಳಲ್ಲಿ ಅಪರೂಪ. ಆದರೆ ಹೆಚ್ಚಿನವು ಸಣ್ಣ ತರಗತಿಗಳಲ್ಲಿ ತೆಗೆದವು, ಎಡವಿದ ಗಳಿಗೆಗಳನ್ನು ಕತ್ತರಿಸಿಬಿಟ್ಟಿದ್ದಾರೆ. ನಾಲ್ವತ್ತು ಮಕ್ಕಳ ನಡುವೆ ನಿಂತವರಿಗೆ ಅಂಥ ಗಳಿಗೆಗಳಿಂದಲೇ ಕಲಿಯುವುದು ಹೆಚ್ಚು. ಮಾರ್ಗದರ್ಶಿಯ ಉತ್ತರ ಮೂರು ನಾಲ್ಕು ದಿನಗಳಲ್ಲಿ ಬರುತ್ತದೆ. ಪಾಠ ಯೋಜನೆಯ ಪ್ರಶ್ನೆಗಳಿಗೆ ಉತ್ತರ ಉಪಯುಕ್ತವಾಗಿತ್ತು. ಪ್ರಮಾಣಪತ್ರಕ್ಕಾಗಿ ಬರೆಯಬೇಕಾದ ಪರೀಕ್ಷೆ ಮಾತ್ರ ಪದಗಳ ವ್ಯಾಖ್ಯಾನವನ್ನಷ್ಟೇ ಕೇಳುತ್ತದೆ. ತರಗತಿಯಲ್ಲಿ ಒಮ್ಮೆಯೂ ಯಾವುದನ್ನೂ ಪ್ರಯೋಗಿಸದವರೂ ಅದರಲ್ಲಿ ಉತ್ತೀರ್ಣರಾಗಬಹುದು.

ಸೇರಬೇಕೆಂದಿರುವವರು ಪರಸ್ಪರ ಬೋಧನೆ, ವಾಕ್ಯ ಜೋಡಣೆ ಮತ್ತು ಬರಹ ತಿದ್ದುವ ಘಟಕಗಳಿಂದ ಆರಂಭಿಸಿ, ಒಂದು ಶೈಕ್ಷಣಿಕ ಅವಧಿ ಪೂರ್ತಿ ಅವುಗಳಲ್ಲೇ ಇರಲಿ. ಪದಸಂಪತ್ತು ಮತ್ತು ಚರ್ಚೆಯನ್ನು ಎರಡನೆಯ ಅವಧಿಗೆ ಇಟ್ಟುಕೊಳ್ಳಬಹುದು. ಬರುವ ವರ್ಷ ಆರನೇ ತರಗತಿ ಹೊಸದಾಗಿ ನನ್ನ ಪಾಲಿಗೆ ಬರುತ್ತಿದೆ. ಅವರಿಗೆ ಮೊದಲ ಎರಡು ವಾರ ಯಾವ ಅಭ್ಯಾಸ ಹಾಳೆಯನ್ನೂ ಕೊಡುವುದಿಲ್ಲ. ದಿನಕ್ಕೊಂದು ಪ್ಯಾರಾವನ್ನು ಅವರೆದುರು ಗಟ್ಟಿಯಾಗಿ ಓದುತ್ತ, ನನಗೆ ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ನಿಂತು, ಹಿಂದೆ ಹೋಗಿ ಓದಿ ತೋರಿಸಬೇಕೆಂದಿದ್ದೇನೆ. ಆ ಪ್ಯಾರಾಗಳನ್ನು ಈಗಲೇ ಆರಿಸಿಟ್ಟಿದ್ದೇನೆ.